ವೈದ್ಯಗ್ರಂಥಗಳ ಚಿತ್ರಗಳು: ಬಗ್ದಾದ್‌ನಿಂದ ಬೊಂಬಾಯಿವರೆಗೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಪಿಯುಸಿ ವಿದ್ಯಾರ್ಥಿಗಳ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕಗಳನ್ನು ತಿದ್ದುತ್ತಾ ಕುಳಿತಿದ್ದೆ. ಒಬ್ಬಳು ವಿದ್ಯಾರ್ಥಿನಿಯ ರೆಕಾರ್ಡ್ ತರಗತಿಯಲ್ಲೇ ಅತ್ಯಂತ ಅಚ್ಚುಕಟ್ಟಾಗಿತ್ತು. ಎಲೆಯ ಅಡ್ಡಸೀಳು, ಹೂವಿನ ಭಾಗಗಳು, ಜೀರ್ಣಾಂಗಗಳು ಎಲ್ಲವನ್ನೂ ಚೂಪಾದ ಪೆನ್ಸಿಲಿನಲ್ಲಿ ಒಂದೇ ಗೆರೆಯಲ್ಲಿ ಬರೆದಿದ್ದಳು. ಕಪ್ಪೆಯ ಪುಟಕ್ಕೆ ಬಂದಾಗ ಮಾತ್ರ ಏನೋ ಕೊರತೆ ಕಂಡಿತು. ನೋಡಿದರೆ ಕಪ್ಪೆಗೆ ಕಣ್ಣೇ ಇಲ್ಲ! ಕಣ್ಣಿರಬೇಕಾದ ಜಾಗ ಖಾಲಿಯಾಗಿತ್ತು. ಆದರೆ ಆ ಖಾಲಿ ಜಾಗದಿಂದ ಗೆರೆ ಎಳೆದು ಪಕ್ಕದಲ್ಲಿ "ಕಣ್ಣು" ಎಂದು ಹೆಸರನ್ನು ಮಾತ್ರ ಬರೆದಿದ್ದಳು.

ಕರೆದು ಕೇಳಿದೆ. "ಸರ್, ಜೀವ ಇರೋದಕ್ಕೆ ಕಣ್ಣು ಬರೀಬಾರ್ದು ಅಂತ ನಮ್ಮ ನಾನಿ ಹೇಳಿದಾರೆ" ಎಂದು ತಲೆ ತಗ್ಗಿಸಿದಳು. ಅವಳಿಗೆ ಅಂಕ ಕೊಡಬೇಕೋ ಕಳೆಯಬೇಕೋ ಆ ಕ್ಷಣಕ್ಕೆ ನನಗೆ ತೋಚಲಿಲ್ಲ. ಗದರಿಸಿದರೆ ಮನೆಯ ಹಿರಿಯರನ್ನು ಅವಮಾನಿಸಿದಂತಾಗುತ್ತದೆ, ಸುಮ್ಮನಿದ್ದರೆ ಪರೀಕ್ಷಕರ ಮುಂದೆ ಹುಡುಗಿ ಅಂಕ ಕಳೆದುಕೊಳ್ಳುತ್ತಾಳೆ. ನಮ್ಮ ಸಂಘದ ಶಾಲಾ ಕಾಲೇಜುಗಳಲ್ಲಿ ಪಾಠ ಮಾಡಿದ ಎಷ್ಟೋ ಅಧ್ಯಾಪಕರಿಗೆ ಇಂತಹ ಅನುಭವ ಆಗಿರಬಹುದು. ಅಂದಿನಿಂದ ನನ್ನಲ್ಲಿ ಉಳಿದ ಪ್ರಶ್ನೆ ಒಂದೇ. ಇಸ್ಲಾಮೀ ನಾಗರಿಕತೆಯ ಮಹಾನ್ ವೈದ್ಯರು ತಮ್ಮ ಗ್ರಂಥಗಳಲ್ಲಿ ಚಿತ್ರ ಬರೆಸಿದ್ದರೇ? ಬರೆಸಿದ್ದರೆ ಏನನ್ನು, ಏತಕ್ಕಾಗಿ? ಓದುತ್ತಾ ಹೋದಂತೆ ದೊರೆತ ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೇ ಒಂದು ಸೋಜಿಗ. ಅರಬಿ ವೈದ್ಯಗ್ರಂಥಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯ ಅಂಗರಚನಾ ಚಿತ್ರಗಳು ಕಣ್ಣಿನವೇ ಆಗಿವೆ.

ಒಂಬತ್ತನೇ ಶತಮಾನದ ಬಗ್ದಾದ್‌ನಲ್ಲಿ ಹುನೈನ್ ಇಬ್ನು ಇಸ್‌ಹಾಕ್ (809–873) ಎಂಬ ಮಹಾಪಂಡಿತರಿದ್ದರು. ಇವರು ಹೀರಾ ಪಟ್ಟಣದ ಕ್ರೈಸ್ತರು. ಅಬ್ಬಾಸೀ ಖಲೀಫರ ಆಶ್ರಯದಲ್ಲಿ ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬಿ ಭಾಷೆಗಳಿಗೆ ತಂದವರಲ್ಲಿ ಇವರದೇ ದೊಡ್ಡ ಹೆಸರು. ಇವರು ಕಣ್ಣಿನ ಕುರಿತು ಹತ್ತು ಪ್ರಬಂಧಗಳ ಗ್ರಂಥವೊಂದನ್ನು ರಚಿಸಿದರು. ಅದರ ಹಸ್ತಪ್ರತಿಯನ್ನು ಮ್ಯಾಕ್ಸ್ ಮೇಯರ್‌ಹಾಫ್ ಎಂಬ ಕಣ್ಣಿನ ವೈದ್ಯರು ಕೈರೋದಲ್ಲಿ ಪತ್ತೆ ಮಾಡಿ, 1928ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಆ ಪ್ರತಿಯಲ್ಲಿ ಕಣ್ಣಿನ ಚಿತ್ರಗಳಿವೆ. ರೆಪ್ಪೆಗಳು ಎದುರಿನಿಂದ ನೋಡಿದಂತೆ ಬಾದಾಮಿಯಾಕಾರದಲ್ಲಿವೆ. ಆದರೆ ಅವುಗಳ ನಡುವಿನ ಕಣ್ಣುಗುಡ್ಡೆ ಮಾತ್ರ ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದಾಗ ಕಾಣುವಂತೆ ಸುತ್ತಿನೊಳಗೆ ಸುತ್ತಾಗಿದೆ. ಹೊರನೋಟ ಮತ್ತು ಒಳನೋಟ ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ್ದಾರೆ. ಇಂದಿನ ವಿದ್ಯಾರ್ಥಿ ಇದನ್ನು ನೋಡಿದರೆ ನಗಬಹುದು. ಆದರೆ ಒಂದರ ಮೇಲೊಂದಿರುವ ಪೊರೆಗಳು ಎಷ್ಟು, ದ್ರವಗಳು ಎಷ್ಟು, ಯಾವುದರ ಹಿಂದೆ ಯಾವುದು ಎಂದು ಶಿಷ್ಯನಿಗೆ ಹೇಳಿಕೊಡಲು ಇದಕ್ಕಿಂತ ಸುಲಭವಾದ ದಾರಿ ಇರಲಿಲ್ಲ.

ಆ ಚಿತ್ರದಲ್ಲಿ ಒಂದು ತಪ್ಪೂ ಇದೆ. ಮಸೂರವನ್ನು ಕಣ್ಣುಗುಡ್ಡೆಯ ನಟ್ಟನಡುವೆ ಇಟ್ಟಿದ್ದಾರೆ. ಮಸೂರವೇ ನೋಡುವ ಅಂಗ ಎಂದು ಅಂದು ನಂಬಿದ್ದರು, ಮುಖ್ಯವಾದದ್ದು ನಡುವೆ ಇರಬೇಕಲ್ಲವೇ! ಈ ತಪ್ಪು ಏಳು ನೂರು ವರ್ಷ ಉಳಿಯಿತು. ಚಿತ್ರ ಸತ್ಯವನ್ನು ಎಷ್ಟು ಗಟ್ಟಿಯಾಗಿ ಉಳಿಸುತ್ತದೆಯೋ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಉಳಿಸುತ್ತದೆ.

ಹುನೈನ್‌ರ ನಂತರ ಸುಮಾರು ಒಂದೂವರೆ ಶತಮಾನಕ್ಕೆ ಇಬ್ನುಲ್ ಹೈಸಮ್ (965–ಸುಮಾರು 1040) ಬಂದರು. ನೋಟವೆಂದರೆ ಕಣ್ಣಿನಿಂದ ಹೊರಡುವ ಕಿರಣವಲ್ಲ, ವಸ್ತುವಿನಿಂದ ಕಣ್ಣಿಗೆ ಬರುವ ಬೆಳಕು ಎಂದು ತಮ್ಮ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಸಾಧಿಸಿದವರು ಇವರು. ಆ ಗ್ರಂಥದ ಒಂದು ಪ್ರತಿಯನ್ನು ಇವರ ಅಳಿಯನೇ 1083ರಲ್ಲಿ ಬಸ್ರಾದಲ್ಲಿ ನಕಲು ಮಾಡಿದ್ದು, ಅದು ಇಂದು ಇಸ್ತಾಂಬುಲ್‌ನಲ್ಲಿದೆ. ಅದರಲ್ಲಿ ಎರಡು ಕಣ್ಣುಗಳು, ಅವುಗಳಿಂದ ಹಿಂದಕ್ಕೆ ಹೊರಟು ಮಧ್ಯದಲ್ಲಿ ಕೂಡಿ ಮಿದುಳಿನತ್ತ ಸಾಗುವ ನರಗಳ ನಕ್ಷೆ ಇದೆ. ಮಾವನ ಪುಸ್ತಕವನ್ನು ಅಳಿಯ ಕಾಳಜಿಯಿಂದ ನಕಲು ಮಾಡಿದ್ದರಿಂದ ನಮಗೆ ಇದು ದಕ್ಕಿತು.

ಇಲ್ಲಿ ಓದುಗರು ಸಹಜವಾಗಿಯೇ ಕೇಳಬಹುದು: "ಚಿತ್ರರಚನೆಯ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆ ಇದೆಯಲ್ಲವೇ?" ಇದೆ. ಅಲ್ಲಾಹನ ನಾಮಗಳಲ್ಲಿ 'ಅಲ್ ಮುಸವ್ವಿರ್', ಅಂದರೆ ರೂಪ ಕೊಡುವವನು ಎಂಬುದೂ ಒಂದು. ಅಲ್ ಹಶ್ರ್ ಅಧ್ಯಾಯದ ಕೊನೆಯ ವಚನದಲ್ಲಿ ಅದು ಬರುತ್ತದೆ. ಜೀವಿಗಳಿಗೆ ರೂಪ ಕೊಡುವ ಕೆಲಸದಲ್ಲಿ ಮನುಷ್ಯ ಸೃಷ್ಟಿಕರ್ತನೊಡನೆ ಸ್ಪರ್ಧಿಸಬಾರದು ಎಂಬುದು ಆ ಎಚ್ಚರಿಕೆಯ ಹಿಂದಿನ ಭಾವ. ಅದೇ ವೇಳೆ, ಚಿತ್ರ ಬರೆದೇ ಬದುಕುತ್ತಿದ್ದ ಒಬ್ಬನಿಗೆ ಇಬ್ನು ಅಬ್ಬಾಸ್(ರ) ಅವರು ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯುವಂತೆ ದಾರಿ ತೋರಿಸಿದ ಪ್ರಸಂಗವೂ ಹದೀಸ್ ಗ್ರಂಥಗಳಲ್ಲಿದೆ. ತಲೆಯಿಲ್ಲದ ಆಕೃತಿ, ಅಂದರೆ ಯಾವ ಭಾಗವಿಲ್ಲದೆ ಜೀವ ಉಳಿಯದೋ ಆ ಭಾಗವಿಲ್ಲದ ಚಿತ್ರ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲವೆಂದು ಅನೇಕ ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಕಲಿಕೆಯ ಅಗತ್ಯಕ್ಕೆ ವಿನಾಯಿತಿ ಕೊಟ್ಟವರಿದ್ದಾರೆ, ಕೊಡದವರೂ ಇದ್ದಾರೆ. ನಾನು ಮುಫ್ತಿಯಲ್ಲ, ಆ ಚರ್ಚೆಗೆ ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಆದರೆ ಇತಿಹಾಸದಲ್ಲಿ ನಡೆದದ್ದನ್ನು ಹೇಳಬಹುದು. ಹಿಂದಿನ ವೈದ್ಯರು ಕಣ್ಣಿನಿಂದ ಆರಂಭಿಸಿದರು, ನಂತರ ಉಪಕರಣಗಳನ್ನು ಬರೆಸಿದರು, ಕೊನೆಗೆ ಇಡೀ ಮನುಷ್ಯನನ್ನೇ ಬರೆದರು.

ಉಪಕರಣಗಳ ಮಾತು ಬಂದಾಗ ನೆನಪಾಗುವವರು ಅಬುಲ್ ಕಾಸಿಮ್ ಅಲ್ ಝಹ್ರಾವಿ (ಸುಮಾರು 936–1013). ಸ್ಪೇನಿನ ಕುರ್ತುಬಾ, ಇಂದಿನ ಕೊರ್ಡೊಬಾ ನಗರದ ಹೊರವಲಯದ ಮದೀನತುಝ್ಝಹ್ರಾ ಎಂಬ ಅರಮನೆ ಪಟ್ಟಣ ಇವರ ಊರು. ಇವರ ಜೀವನದ ಬಗ್ಗೆ ನಮಗೆ ತಿಳಿದಿರುವುದು ಬಹಳ ಕಡಿಮೆ. ಇವರ ಕೊನೆಗಾಲದಲ್ಲೇ ನಡೆದ ಅಂತಃಕಲಹದಲ್ಲಿ ಆ ಪಟ್ಟಣವೇ ಹಾಳಾಯಿತು. ಉಳಿದಿರುವುದು ಸುಮಾರು ಕ್ರಿ.ಶ. 1000ದಲ್ಲಿ ಮುಗಿಸಿದ 'ಅಲ್ ತಸ್ರೀಫ್' ಎಂಬ ಮೂವತ್ತು ಭಾಗಗಳ ಬೃಹತ್ ವೈದ್ಯಕೋಶ. ಇದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಇಷ್ಟೊಂದು ಶಸ್ತ್ರಚಿಕಿತ್ಸಾ ಉಪಕರಣಗಳನ್ನು ಬರಹದೊಂದಿಗೆ ಹೊಂದಿಸಿ ಚಿತ್ರಿಸಿದ, ನಮಗೆ ಉಳಿದುಬಂದಿರುವ ಮೊದಲ ಗ್ರಂಥ ಇದೇ.

ಇವರು ಚಿತ್ರಗಳನ್ನು ಏಕೆ ಸೇರಿಸಿದರು? ಈ ಭಾಗದ ಪೀಠಿಕೆಯನ್ನು ಓದಿದರೆ ಉತ್ತರ ಸಿಗುತ್ತದೆ. ತಮ್ಮ ನಾಡಿನಲ್ಲಿ ಕೈಚಳಕದ ಒಳ್ಳೆಯ ಶಸ್ತ್ರವೈದ್ಯರೇ ಇಲ್ಲವಾಗಿದ್ದಾರೆ, ಅಂಗರಚನೆಯನ್ನು ಕಲಿಯದವನು ಕತ್ತಿ ಹಿಡಿದರೆ ಜನರನ್ನು ಕೊಲ್ಲುತ್ತಾನೆ ಎಂದು ಅವರು ನೋವಿನಿಂದ ಹೇಳಿ, ಕಣ್ಣಾರೆ ಕಂಡ ಪ್ರಸಂಗಗಳನ್ನು ವಿವರಿಸುತ್ತಾರೆ. ಒಬ್ಬ ಅಜ್ಞಾನಿ ವೈದ್ಯ ಹೆಂಗಸೊಬ್ಬಳ ಕುತ್ತಿಗೆಯ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿದ. ಆಕೆ ರಕ್ತ ಸುರಿದು ಅವನ ಎದುರಿಗೇ ಸತ್ತು ಬಿದ್ದಳು. ಇನ್ನೊಬ್ಬ ವೃದ್ಧನೊಬ್ಬನ ಮೂತ್ರಕೋಶದ ದೊಡ್ಡ ಕಲ್ಲನ್ನು ಹೊರತೆಗೆಯುವಾಗ ಮೂತ್ರಕೋಶದ ತುಂಡನ್ನೂ ಕಿತ್ತುಬಿಟ್ಟ. ಮೂರು ದಿನಗಳಲ್ಲಿ ಆ ಮುದುಕ ತೀರಿಕೊಂಡ. ಅದೇ ಕಲ್ಲನ್ನು ತೆಗೆಯಲು ಝಹ್ರಾವಿಯವರನ್ನು ಮೊದಲು ಕರೆದಿದ್ದರು. ಅವರು ರೋಗಿಯ ಸ್ಥಿತಿಯನ್ನೂ ಕಲ್ಲಿನ ಗಾತ್ರವನ್ನೂ ನೋಡಿ ಬೇಡವೆಂದಿದ್ದರು. ಅಲಂಕಾರಕ್ಕೆಂದು ಪುಸ್ತಕಕ್ಕೆ ಚಿತ್ರ ಹಾಕಿಸಿದ ಮನುಷ್ಯ ಇವರಲ್ಲ. ಸಾವುಗಳನ್ನು ಕಂಡು, ಮುಂದಿನವರ ಕೈ ತಪ್ಪದಿರಲಿ ಎಂದು ಬರೆಸಿದವರು. ಗ್ರಂಥದುದ್ದಕ್ಕೂ ತಮ್ಮ ಶಿಷ್ಯರನ್ನು ಅವರು ಕರೆಯುವುದು 'ನನ್ನ ಮಕ್ಕಳೇ' ಎಂದು.

ಕ್ರಮವೂ ಸರಳ. ಮೊದಲು ಬರೆ ಹಾಕುವ ಚಿಕಿತ್ಸೆ, ಅಂದರೆ ಕಾಯಿಸಿದ ಕಬ್ಬಿಣದಿಂದ ಸುಡುವುದು. ನಂತರ ಕೊಯ್ಯುವುದು, ಹೊಲಿಯುವುದು, ಹೊರತೆಗೆಯುವುದು. ಕೊನೆಗೆ ಮೂಳೆ ಕೂಡಿಸುವುದು. ಒಂದೊಂದು ಕೆಲಸಕ್ಕೂ ಬೇಕಾದ ಉಪಕರಣವನ್ನು ವರ್ಣಿಸಿ, ಅದರ 'ಸೂರತ್' ಇದು ಎಂದು ಹೇಳಿ, ಕೆಳಗೆ ಚಿತ್ರ. 'ಶಕಲ್-ಸೂರತ್' ಎಂದು ನಮ್ಮ ಮನೆಗಳಲ್ಲಿ ಆಡುವ ಮಾತಿನ ಸೂರತ್ ಇದೇ. ಹದೀಸ್‌ಗಳಲ್ಲಿ ಚಿತ್ರದ ಕುರಿತು ಬರುವ ಪದವೂ ಇದೇ ಧಾತುವಿನದು. ಆ ಪದವನ್ನೇ ಝಹ್ರಾವಿ ಪುಟಪುಟದಲ್ಲೂ ನಿಸ್ಸಂಕೋಚವಾಗಿ ಬಳಸಿದ್ದಾರೆ. ಅವರ ಸೂರತ್ ಕತ್ತಿಯದು, ಕೊಕ್ಕೆಯದು, ಇಕ್ಕಳದ್ದು.

ಬರೆ ಹಾಕುವ ಕಬ್ಬಿಣವೊಂದರ ತುದಿ ಜೈತೂನ್ ಕಾಯಿಯಂತಿದ್ದರೆ ಇನ್ನೊಂದರದು ಮೊಳೆಯಂತೆ. ಬರೆ ಹಾಕಲು ಚಿನ್ನದ ಉಪಕರಣವೇ ಶ್ರೇಷ್ಠವೆಂದು ಹಿಂದಿನವರು ಹೇಳಿದ್ದರು. ಝಹ್ರಾವಿ ಅದನ್ನು ಒಪ್ಪಲಿಲ್ಲ. ಚಿನ್ನದ ಬಣ್ಣದಿಂದಾಗಿ ಅದು ಎಷ್ಟು ಕಾದಿದೆ ಎಂದು ತಿಳಿಯುವುದಿಲ್ಲ, ಹೆಚ್ಚು ಕಾಯಿಸಿದರೆ ಕರಗುತ್ತದೆ, ಆದ್ದರಿಂದ ಕಬ್ಬಿಣವೇ ಲೇಸು ಎಂದರು. ಕಮ್ಮಾರನ ಕುಲುಮೆಯ ಮುಂದೆ ನಿಂತು ನೋಡಿದವನ ಮಾತು ಇದು. ಹಲ್ಲಿನ ಪಾಚಿ ಕೆರೆಯುವ ಉಪಕರಣಗಳನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಬರೆಸಿದ್ದಾರೆ. ಇಂದಿನ ದಂತವೈದ್ಯರ ತಟ್ಟೆಯನ್ನು ನೋಡಿದವರಿಗೆ ಅವುಗಳ ಗುರುತು ಹತ್ತದೆ ಇರದು. ನಾಲಿಗೆ ಒತ್ತಿ ಹಿಡಿಯುವ ಪಟ್ಟಿ, ಮೂತ್ರ ಕಟ್ಟಿದಾಗ ಬಳಸುವ ಬೆಳ್ಳಿಯ ಕೊಳವೆ, ಹೆರಿಗೆಯ ಸಂಕಟದಲ್ಲಿ ಬಳಸುವ ತಿರುಪಿನ ಉಪಕರಣ, ಹೀಗೆ ಸಾಗುತ್ತದೆ. ಹಲವನ್ನು ದೊಡ್ಡದು, ಮಧ್ಯಮ, ಚಿಕ್ಕದು ಎಂದು ಮೂರು ಅಳತೆಗಳಲ್ಲಿ ತೋರಿಸಿದ್ದಾರೆ.

ನನಗೆ ಬಹಳ ಹಿಡಿಸಿದ್ದು ಒಂದು ಪುಟ್ಟ ಕತ್ತಿ. ಕೀವು ತುಂಬಿದ ಬಾವನ್ನು ಸೀಳಲು ಬಳಸುವಂಥದ್ದು. ಅದನ್ನು ವೈದ್ಯ ತನ್ನ ಬೆರಳುಗಳ ನಡುವೆ ಅಡಗಿಸಿಕೊಳ್ಳಬೇಕು, ರೋಗಿಗೆ ಕಾಣಿಸಬಾರದು. ಬಾವನ್ನು ಸುಮ್ಮನೆ ಮುಟ್ಟಿ ನೋಡುವಂತೆ ಕೈಯಿಟ್ಟು, ರೋಗಿ ಹೆದರುವ ಮೊದಲೇ ಕೆಲಸ ಮುಗಿಸಬೇಕು. ಅರಿವಳಿಕೆ ಇಲ್ಲದ ಕಾಲದಲ್ಲಿ ರೋಗಿಯ ಭಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಉಪಕರಣ ಇದು. ಬೆರಳ ಸಂದಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಕತ್ತಿಯ ಆಕಾರವನ್ನು ಬರಿಯ ಮಾತಿನಲ್ಲಿ ಹೇಳಿದ್ದರೆ ಯಾವ ಕಮ್ಮಾರನಿಗೆ ಅರ್ಥವಾಗುತ್ತಿತ್ತು?

ಇಲ್ಲೊಂದು ತೊಡಕೂ ಇತ್ತು. ಅಂದು ಮುದ್ರಣವಿರಲಿಲ್ಲ. ಲಿಪಿಕಾರರು ಗ್ರಂಥವನ್ನು ಕೈಯಿಂದ ನಕಲು ಮಾಡುತ್ತಿದ್ದರು. ಅಕ್ಷರವನ್ನು ನಕಲು ಮಾಡುವವನಿಗೆ ಭಾಷೆ ಗೊತ್ತಿದ್ದರೆ ಸಾಕು, ಉಪಕರಣವನ್ನು ನಕಲು ಮಾಡುವವನಿಗೆ ಅದರ ಕೆಲಸ ಗೊತ್ತಿರಬೇಕು. ಕತ್ತಿಯನ್ನು ಕಂಡೇ ಇರದವನು ಅದರ ಹಿಡಿಯನ್ನು ಚಂದಗಾಣಿಸಿ ಬಳ್ಳಿ ಬಿಡಿಸಿದ, ಕೊಕ್ಕೆಯ ಬಾಗನ್ನು ನೇರ ಮಾಡಿದ, ತಿರುಪಿನ ಸುತ್ತುಗಳನ್ನು ಬರಿಯ ಅಡ್ಡಗೆರೆಗಳನ್ನಾಗಿ ಮಾಡಿದ. ಹನ್ನೆರಡನೇ ಶತಮಾನದಲ್ಲಿ ಕ್ರೆಮೋನಾದ ಗೆರಾರ್ಡ್ ಎಂಬ ವಿದ್ವಾಂಸ ಟೊಲೆಡೊ ನಗರದಲ್ಲಿ ಇದನ್ನು ಲ್ಯಾಟಿನ್‌ಗೆ ಅನುವಾದಿಸಿದ. ಆ ಲ್ಯಾಟಿನ್ ಪ್ರತಿಗಳಲ್ಲಿಯೂ ಇದೇ ಪಾಡು. ಕೆಲವು ಉಪಕರಣಗಳಂತೂ ಏನೆಂದು ಗುರುತಿಸುವುದೇ ಕಷ್ಟ. ಹಾಗಿದ್ದರೂ ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಈ ಪುಸ್ತಕವನ್ನು ಬಿಡಲಿಲ್ಲ. ಫ್ರಾನ್ಸಿನ ಗಿ ದ ಶೋಲಿಯಾಕ್ ತನ್ನ 1363ರ ಗ್ರಂಥದಲ್ಲಿ 'ಅಲ್ಬುಕಾಸಿಸ್' ಎಂಬ ಹೆಸರಿನಲ್ಲಿ ಝಹ್ರಾವಿಯವರನ್ನು ಮತ್ತೆ ಮತ್ತೆ ಸ್ಮರಿಸುತ್ತಾನೆ. ಅದು 1497ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. 1778ರಲ್ಲಿ ಜಾನ್ ಚ್ಯಾನಿಂಗ್ ಎಂಬಾತ ಅರಬಿ ಮೂಲವನ್ನು ಲ್ಯಾಟಿನ್ ಅನುವಾದದೊಡನೆ ಆಕ್ಸ್‌ಫರ್ಡ್‌ನಲ್ಲಿ ಮುದ್ರಿಸಿದ.

ನಮ್ಮ ದೇಶದಲ್ಲೂ ಇದರ ಅಮೂಲ್ಯ ಪ್ರತಿಯೊಂದಿದೆ. ಪಾಟ್ನಾದ ಖುದಾ ಬಖ್ಶ್ ಗ್ರಂಥಾಲಯ 1891ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಕೀಲರಾಗಿದ್ದ ಖುದಾ ಬಖ್ಶ್ ಖಾನ್ ತಮ್ಮ ಗಳಿಕೆಯನ್ನೆಲ್ಲ ಹಸ್ತಪ್ರತಿಗಳಿಗೆ ಸುರಿದು ಕಟ್ಟಿದ ಸಂಸ್ಥೆ ಅದು. ಅಲ್ಲಿ ಅಲ್ ತಸ್ರೀಫ್‌ನ ಶಸ್ತ್ರಚಿಕಿತ್ಸಾ ಭಾಗದ, ಉಪಕರಣಗಳ ಚಿತ್ರಗಳಿರುವ, ಹನ್ನೆರಡನೇ ಶತಮಾನದ ಹಸ್ತಪ್ರತಿಯಿದೆ. ದೆಹಲಿ, ಆಗ್ರಾ ಎಂದು ಪ್ರವಾಸ ಹೋಗುವ ನಮ್ಮ ವಿದ್ಯಾರ್ಥಿಗಳ ತಂಡ ಒಮ್ಮೆಯಾದರೂ ಪಾಟ್ನಾದತ್ತ ಹೊರಳಬಾರದೇಕೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇನ್ನು ಮನುಷ್ಯನ ಚಿತ್ರಕ್ಕೆ ಬರೋಣ. ಔಷಧಿ ಸಸ್ಯಗಳ ಕುರಿತ ಡಯಾಸ್ಕೊರಿಡೀಸ್‌ನ ಗ್ರೀಕ್ ಗ್ರಂಥದ ಅರಬಿ ಪ್ರತಿಗಳಲ್ಲಿ ಗಿಡಗಳ ನಡುವೆ ಮನುಷ್ಯರೂ ಇಣುಕುತ್ತಾರೆ. 1224ರ ಹೆಸರಾಂತ ಪ್ರತಿಯೊಂದರಲ್ಲಿ ಪೇಟ ಕಟ್ಟಿದ ವೈದ್ಯರು ಔಷಧಿ ಕುದಿಸುವ, ಅಳೆಯುವ ದೃಶ್ಯಗಳಿವೆ. ಅದರ ಹಲವು ಹಾಳೆಗಳನ್ನು ಯಾರೋ ಕಿತ್ತು ಮಾರಿದ್ದರಿಂದ ಅವು ಇಂದು ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲಿ ಚದುರಿವೆ. ಆದರೆ ಇವು ಅಂಗರಚನೆಯ ಚಿತ್ರಗಳಲ್ಲ.

ಇಡೀ ದೇಹದ ಒಳರಚನೆಯನ್ನು ಚಿತ್ರಿಸಿದ ಗ್ರಂಥ ಬಂದದ್ದು ಹದಿನಾಲ್ಕನೇ ಶತಮಾನದ ಕೊನೆಯಲ್ಲಿ, ಇರಾನಿನ ಶೀರಾಝ್‌ನಿಂದ. ಮನ್ಸೂರ್ ಇಬ್ನು ಇಲ್ಯಾಸ್ ಎಂಬ ವೈದ್ಯರು ಪಾರಸಿಯಲ್ಲಿ ಬರೆದ ಇದು 'ತಶ್ರೀಹೆ ಮನ್ಸೂರಿ' ಎಂದು ಪ್ರಸಿದ್ಧ. ತೈಮೂರನ ಮೊಮ್ಮಗ ಪೀರ್ ಮುಹಮ್ಮದ್‌ನಿಗೆ ಇದು ಅರ್ಪಿತ. ಮೂಳೆ, ನರ, ಸ್ನಾಯು, ಅಭಿಧಮನಿ, ಅಪಧಮನಿ ಎಂಬ ಐದು ಅಧ್ಯಾಯಗಳಿಗೆ ಪೂರ್ಣಾಕೃತಿಯ ಚಿತ್ರಗಳಿವೆ. ಮನುಷ್ಯ ಕಪ್ಪೆಯಂತೆ ಮಂಡಿ ಬಗ್ಗಿಸಿ ಕುಕ್ಕರುಗಾಲಿನಲ್ಲಿದ್ದಾನೆ. ಅಸ್ಥಿಪಂಜರವನ್ನಂತೂ ಬೆನ್ನ ಕಡೆಯಿಂದ ತೋರಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯಿ ಮೇಲಕ್ಕೆ ಬರುವಂತೆ ಇಟ್ಟಿದ್ದಾರೆ. ಅಂಗಗಳ ಹೆಸರುಗಳನ್ನು ಪಕ್ಕಕ್ಕೆ ಬರೆಯದೆ ದೇಹದ ಮೇಲೆಯೇ, ಆಯಾ ಭಾಗದ ಗುಂಟ ಬರೆದಿದ್ದಾರೆ. ಕೊನೆಯಲ್ಲಿ ಗರ್ಭಿಣಿಯ ಚಿತ್ರವೊಂದಿದೆ, ಹೊಟ್ಟೆಯೊಳಗೆ ಮಗುವೂ ಇದೆ. ಇದರ ಒಂದು ಸುಂದರ ಪ್ರತಿ 1488ರಲ್ಲಿ ಇಸ್ಫಹಾನ್‌ನಲ್ಲಿ ನಕಲಾದದ್ದು. ಅದು ಈಗ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದಲ್ಲಿದೆ. ಇರಾನ್‌ನಲ್ಲಿ ಮಾತ್ರವಲ್ಲ, ಹಿಂದೂಸ್ತಾನದ ಹಕೀಮರ ನಡುವೆಯೂ ಈ ಗ್ರಂಥದ ಪ್ರತಿಗಳು ಬಹುಕಾಲ ಓಡಾಡಿದವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವಾರ್ಷಿಕೋತ್ಸವದ ವೇದಿಕೆಗಳಲ್ಲಿ "ಎಲ್ಲವನ್ನೂ ನಮ್ಮವರೇ ಮೊದಲು ಮಾಡಿದರು" ಎಂಬ ಭಾಷಣ ಕೇಳುತ್ತೇವೆ. ಕೇಳಲು ಹಿತವಾಗಿರುತ್ತದೆ, ಆದರೆ ಅದರಿಂದ ವಿದ್ಯಾರ್ಥಿ ಏನನ್ನೂ ಕಲಿಯುವುದಿಲ್ಲ. ಮನ್ಸೂರ್ ಅವರ ಗ್ರಂಥದ ಕುಕ್ಕರುಗಾಲಿನ ಐದು ಆಕೃತಿಗಳನ್ನು ಹೋಲುವ ಚಿತ್ರಗಳು ಹನ್ನೆರಡನೇ ಶತಮಾನದ ಜರ್ಮನಿಯ ಕ್ರೈಸ್ತ ಮಠಗಳ ಲ್ಯಾಟಿನ್ ಹಸ್ತಪ್ರತಿಗಳಲ್ಲೂ ಇವೆ. ಎರಡಕ್ಕೂ ಇನ್ನೂ ಹಳೆಯದಾದ ಒಂದೇ ಮೂಲ ಇದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಗರ್ಭಿಣಿಯ ಚಿತ್ರ ಮಾತ್ರ ಮನ್ಸೂರ್ ಅವರದೇ ಹೊಸ ಸೇರ್ಪಡೆ ಎಂದು ಕಾಣುತ್ತದೆ. ಅದನ್ನು ಹೇಳಿದರೆ ಸಾಕು, ಅವರ ಗೌರವಕ್ಕೆ ಕುಂದಿಲ್ಲ.

ಚಿತ್ರವಿಲ್ಲದೆ ಉಳಿದ ಒಂದು ಮಹಾಶೋಧವೂ ನಮ್ಮ ಮುಂದಿದೆ. ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ನೆಲೆಸಿದ ಇಬ್ನುನ್ನಫೀಸ್ 1242ರಲ್ಲಿ, ರಕ್ತವು ಹೃದಯದ ಬಲಗೋಣೆಯಿಂದ ಎಡಗೋಣೆಗೆ ನಡುಗೋಡೆಯ ಮೂಲಕ ಹೋಗುವುದಿಲ್ಲ, ಶ್ವಾಸಕೋಶವನ್ನು ಸುತ್ತಿ ಬರುತ್ತದೆ ಎಂದು ಸ್ಪಷ್ಟವಾಗಿ ಬರೆದರು. ಅದನ್ನು ತೋರಿಸುವ ಚಿತ್ರ ಅವರ ಗ್ರಂಥದಲ್ಲಿಲ್ಲ. ಶರೀಅತ್ ಮತ್ತು ತಮ್ಮೊಳಗಿನ ದಯೆ ಶವಚ್ಛೇದನವನ್ನು ತಡೆಯುತ್ತವೆ ಎಂದು ಅವರೇ ಹೇಳಿಕೊಂಡಿದ್ದಾರೆ. 1924ರಲ್ಲಿ ಈಜಿಪ್ಟಿನ ಯುವ ವೈದ್ಯ ಮುಹ್ಯಿದ್ದೀನ್ ಅತ್ತತಾವಿ ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿಯಲ್ಲಿ ಇದನ್ನು ಕಂಡು ಜಗತ್ತಿಗೆ ತಿಳಿಸಿದರು. ಬರಹದ ಪಕ್ಕದಲ್ಲಿ ಬಾಣದ ಗುರುತುಗಳ ಒಂದು ಸಣ್ಣ ನಕ್ಷೆ ಇದ್ದಿದ್ದರೆ ಮಾತು ಇಷ್ಟು ಕಾಲ ಮರೆಯಾಗಿರುತ್ತಿರಲಿಲ್ಲವೇನೋ. ಇದು ನನ್ನ ಊಹೆಯಷ್ಟೇ.

ಬೊಂಬಾಯಿಗೆ ಹೋಗುವ ಮೊದಲು ಟರ್ಕಿಯ ಅಮಾಸ್ಯಾ ಪಟ್ಟಣದಲ್ಲಿ ಸ್ವಲ್ಪ ನಿಲ್ಲಲೇಬೇಕು. ಅಲ್ಲಿನ ಆಸ್ಪತ್ರೆಯ ವೈದ್ಯ ಶರಫುದ್ದೀನ್ ಸಾಬುಂಜುಓಗ್ಲು 1465ರಲ್ಲಿ, ತಮ್ಮ ಎಂಬತ್ತರ ಆಸುಪಾಸಿನಲ್ಲಿ, ಶಸ್ತ್ರಚಿಕಿತ್ಸೆಯ ಗ್ರಂಥವೊಂದನ್ನು ಸುಲ್ತಾನ್ ಎರಡನೇ ಮುಹಮ್ಮದ್‌ಗೆ ಅರ್ಪಿಸಿದರು. ಹೆಚ್ಚಿನ ಭಾಗಕ್ಕೆ ಝಹ್ರಾವಿಯವರೇ ಆಧಾರ. ಆದರೆ ಎರಡು ವಿಷಯಗಳಲ್ಲಿ ಇವರು ಗುರುವನ್ನು ದಾಟಿದರು. ಮೊದಲನೆಯದಾಗಿ, ವಿದ್ವಾಂಸರ ಅರಬಿಯನ್ನು ಬಿಟ್ಟು ಜನರ ಭಾಷೆಯಾದ ತುರ್ಕಿಯಲ್ಲಿ ಬರೆದರು. ನಾಡಿನ ಶಸ್ತ್ರವೈದ್ಯರಲ್ಲಿ ಹೆಚ್ಚಿನವರಿಗೆ ಓದು ಬಾರದು, ಬಂದವರೂ ಓದುವುದು ತುರ್ಕಿಯನ್ನೇ ಎಂಬ ಕಾರಣವನ್ನೂ ಕೊಟ್ಟರು. ಎರಡನೆಯದಾಗಿ, ಉಪಕರಣವನ್ನಷ್ಟೇ ಅಲ್ಲ, ಅದನ್ನು ಬಳಸುವ ಕೈಯನ್ನೂ ಬಳಸಿಕೊಳ್ಳುವ ರೋಗಿಯನ್ನೂ ಬಣ್ಣದಲ್ಲಿ ತೋರಿಸಿದರು. ನೂರಕ್ಕೂ ಹೆಚ್ಚು ಚಿತ್ರಗಳು. ರೋಗಿಯನ್ನು ಹೇಗೆ ಕೂರಿಸಬೇಕು, ವೈದ್ಯ ಎಲ್ಲಿ ಕುಳಿತುಕೊಳ್ಳಬೇಕು, ಯಾವ ಕೈ ಎಲ್ಲಿರಬೇಕು ಎಂಬುದೆಲ್ಲ ಕಣ್ಣಿಗೆ ಕಟ್ಟುವಂತಿದೆ. ಆಕೃತಿಗಳು ಸರಳ, ಒಮ್ಮೊಮ್ಮೆ ಒರಟು. ಚಿತ್ರಗಳನ್ನು ಅವರೇ ಬರೆದಿರಬೇಕೆಂದು ಅನೇಕರ ಅಭಿಪ್ರಾಯ. ಸ್ತ್ರೀರೋಗದ ಪುಟಗಳಲ್ಲಿ ಚಿಕಿತ್ಸೆ ಮಾಡುತ್ತಿರುವವಳು ಹೆಂಗಸು. 'ತಬೀಬಾ' ಎಂದು ಅವಳನ್ನು ಕರೆದಿದ್ದಾರೆ. ವೈದ್ಯಕೀಯ ಓದಬೇಕೆನ್ನುವ ನಮ್ಮ ಹೆಣ್ಣುಮಕ್ಕಳು ಈ ಪದವನ್ನು ನೆನಪಿಡಲಿ.

ಈ ಗ್ರಂಥದ ಮೂರು ಪ್ರತಿಗಳು ಮಾತ್ರ ಉಳಿದಿವೆ. ಎರಡು ಇಸ್ತಾಂಬುಲ್‌ನಲ್ಲಿ, ಒಂದು ಪ್ಯಾರಿಸ್‌ನಲ್ಲಿ. ಓದು ಬಾರದವರಿಗಾಗಿ ಚಿತ್ರ ಬರೆದ ಪುಸ್ತಕ ಅವರ ಕೈಗೆ ತಲುಪಲೇ ಇಲ್ಲ. ಇಪ್ಪತ್ತನೇ ಶತಮಾನದವರೆಗೆ ಹೊರಜಗತ್ತಿಗೆ ಇದರ ಸುದ್ದಿಯೇ ಇರಲಿಲ್ಲ.

ಅಷ್ಟರಲ್ಲಿ ಮುದ್ರಣ ಬಂದಿತ್ತು. 1543ರಲ್ಲಿ 28 ವರ್ಷದ ಆಂಡ್ರಿಯಾಸ್ ವೆಸಾಲಿಯಸ್ ಮನುಷ್ಯದೇಹದ ರಚನೆಯ ಕುರಿತ ತನ್ನ ಮಹಾಗ್ರಂಥವನ್ನು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ. ಅವನು ಸ್ವತಃ ಶವಗಳನ್ನು ಸೀಳಿ ನೋಡಿದ್ದ, ಇಟಲಿಯ ನುರಿತ ಕಲಾವಿದರಿಂದ ಬರೆಸಿದ್ದ, ಮರದ ಅಚ್ಚಿನಲ್ಲಿ ಕೊರೆಸಿದ್ದ. ಒಂದೇ ಅಚ್ಚಿನಿಂದ ನೂರಾರು ಪ್ರತಿಗಳು, ಎಲ್ಲವೂ ಒಂದೇ ಬಗೆ! ಲಿಪಿಕಾರನ ಬಳ್ಳಿ ಬಿಡಿಸುವ ಕೈಗೆ ಅಲ್ಲಿ ಕೆಲಸವಿರಲಿಲ್ಲ. ಝಹ್ರಾವಿ, ಮನ್ಸೂರ್, ಸಾಬುಂಜುಓಗ್ಲು ಯಾರಿಗೂ ಸಿಗದ ಅನುಕೂಲ ಇದು. ಅಂತಹ ವೆಸಾಲಿಯಸ್‌ನೂ ಮಸೂರವನ್ನು ಕಣ್ಣಿನ ನಟ್ಟನಡುವೆಯೇ ಬರೆಸಿದ. 1632ರಲ್ಲಿ ಶಮ್ಸುದ್ದೀನ್ ಇತಾಕಿ ತುರ್ಕಿಯಲ್ಲಿ ಅಂಗರಚನೆಯ ಪುಸ್ತಕ ಬರೆದಾಗ ವೆಸಾಲಿಯಸ್‌ನ ಚಿತ್ರಗಳನ್ನು ಆಧರಿಸಿದರು. ಒಂದು ಕಾಲದಲ್ಲಿ ಕೊಟ್ಟ ಕೈ ಈಗ ತೆಗೆದುಕೊಂಡಿತು. ಅದರಲ್ಲಿ ಅವಮಾನವೇನೂ ಇಲ್ಲ.

ಕೊನೆಯದಾಗಿ ಬೊಂಬಾಯಿ. ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ 'ಗ್ರೇಸ್ ಅನಾಟಮಿ' ಎಂಬ ದಪ್ಪ ಪುಸ್ತಕ ಗೊತ್ತು. ಅದು 1858ರಲ್ಲಿ ಲಂಡನ್‌ನಲ್ಲಿ ಮೊದಲು ಬಂದಿತು. ಬರೆದವರು ಹೆನ್ರಿ ಗ್ರೇ. ಅದರ 363 ಚಿತ್ರಗಳನ್ನು ಬರೆದವರು ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ ಎಂಬ 27 ವರ್ಷದೊಳಗಿನ ಬಡ ವೈದ್ಯ. ಅಲ್ಲಿಯವರೆಗಿನ ಹೆಚ್ಚಿನ ಪುಸ್ತಕಗಳಲ್ಲಿ ಚಿತ್ರದ ಮೇಲೆ ಅ, ಆ ಎಂಬಂತೆ ಗುರುತು ಹಾಕಿ ಹೆಸರುಗಳನ್ನು ಬೇರೆ ಕಡೆ ಕೊಡುತ್ತಿದ್ದರು. ಕಾರ್ಟರ್ ಹೆಸರನ್ನು ಆ ನರದ ಮೇಲೆ, ಆ ಮೂಳೆಯ ಮೇಲೆಯೇ ಬರೆದರು. ಶೀರಾಝ್‌ನ ಮನ್ಸೂರ್ ಮಾಡಿದ್ದೂ ಅದನ್ನೇ ಅಲ್ಲವೇ? ಇಬ್ಬರ ನಡುವೆ ಸಂಬಂಧವೇನೂ ಇಲ್ಲ. ಕಲಿಯುವವನ ಕಷ್ಟ ಬಲ್ಲ ಇಬ್ಬರಿಗೂ ಒಂದೇ ಉಪಾಯ ಹೊಳೆಯಿತು. ಅವರು ಸೀಳಿ ನೋಡಿದ ಶವಗಳು ಲಂಡನ್ನಿನ ಬಡವರವು, ಕೇಳುವವರಿಲ್ಲದವರವು. ಆ ಪುಟಗಳಲ್ಲಿ ಅವರ ಹೆಸರಿಲ್ಲ.

ಪುಸ್ತಕ ಹೊರಬರುವ ಮೊದಲೇ ಕಾರ್ಟರ್ ಹೊಟ್ಟೆಪಾಡಿಗಾಗಿ ಭಾರತಕ್ಕೆ ಹೊರಟು ಬಂದಿದ್ದರು. ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು. ಮೂವತ್ತು ವರ್ಷ ಈ ದೇಶದಲ್ಲಿದ್ದು ಕುಷ್ಠರೋಗ ಮತ್ತು ಜ್ವರಗಳ ಕುರಿತು ಸಂಶೋಧನೆ ಮಾಡಿದರು. ಚಿತ್ರಗಳಿಗೆ ಅವರಿಗೆ ಸಿಕ್ಕಿದ್ದು ಒಂದೇ ಬಾರಿಗೆ 150 ಪೌಂಡ್. ಗ್ರೇಗೆ ಪ್ರತಿ ಸಾವಿರ ಪ್ರತಿಗಳ ಮಾರಾಟಕ್ಕೆ ಅಷ್ಟೇ ಹಣ. ಮುಖಪುಟದ ಕರಡು ಬಂದಾಗ, ಕಾರ್ಟರ್ ಹೆಸರಿನ ಅಕ್ಷರಗಳನ್ನು ತನ್ನ ಹೆಸರಿಗಿಂತ ಚಿಕ್ಕದು ಮಾಡುವಂತೆ ಗ್ರೇ ತಿದ್ದಿದ್ದರು. ಗ್ರೇ 1861ರಲ್ಲಿ ಸಿಡುಬಿನಿಂದ ತೀರಿಕೊಂಡರು. ಪುಸ್ತಕ ಇಂದಿಗೂ ಅವರ ಹೆಸರಿನಲ್ಲೇ ಬರುತ್ತಿದೆ.

ಆ ವಿದ್ಯಾರ್ಥಿನಿಯ ವಿಷಯ ಬಾಕಿ ಉಳಿಯಿತು. ಹುನೈನ್‌ರ ಕಣ್ಣಿನ ಚಿತ್ರದ ಬಗ್ಗೆ ಆ ದಿನಗಳಲ್ಲಿ ನನಗೆ ತಿಳಿದಿದ್ದ ಅಲ್ಪಸ್ವಲ್ಪವನ್ನು ಅವಳಿಗೆ ಹೇಳಿ, ಮನೆಯಲ್ಲಿ ಹಿರಿಯರ ಹತ್ತಿರ ಮಾತಾಡು ಎಂದು ಕಳುಹಿಸಿದ್ದೆ. ಮುಂದಿನ ವಾರ ರೆಕಾರ್ಡ್ ತಂದಳು. ಕಪ್ಪೆಗೆ ಕಣ್ಣು ಬರೆದಿರಲಿಲ್ಲ. ಅದರ ಎದುರಿನ ಪುಟದಲ್ಲಿ ಮನುಷ್ಯನ ಕಣ್ಣಿನ ಉದ್ದಸೀಳನ್ನು ಇಡೀ ಪುಟ ತುಂಬುವಂತೆ ಬರೆದಿದ್ದಳು. "ಇದು ಮುಖ ಅಲ್ವಲ್ಲ, ಬರಿ ಅಂತ ನಾನಿನೇ ಅಂದ್ರು ಸರ್" ಎಂದಳು. ಮಸೂರ ನಡುವೆ ಇರಲಿಲ್ಲ, ಮುಂದೆ, ತನ್ನ ಜಾಗದಲ್ಲೇ ಇತ್ತು. ಎರಡೂ ಪುಟಗಳಿಗೆ ಸಹಿ ಹಾಕಿದೆ.